ಪ್ರಿಂಟಿಂಗ್ ಮೆಷಿನ್ ತಾನೇ ಬರೆದುಕೊಳ್ಳುವ ದಿನಚರಿ

ಮನಾಮ: ಸಂಘದ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯನ್ನೋ ಸ್ಮರಣ ಸಂಚಿಕೆಯನ್ನೋ ಕೊನೇ ಗಳಿಗೆಯಲ್ಲಿ ಪ್ರೆಸ್ಸಿಗೆ ಒಯ್ದು "ನಾಳೆ ಬೆಳಿಗ್ಗೆಯೇ ಬೇಕು" ಎಂದು ದುಂಬಾಲು ಬೀಳದ ಕನ್ನಡಿಗರು ಬಹ್ರೈನ್‌ನಲ್ಲಿ ವಿರಳ! ಆ ಪ್ರೆಸ್ಸುಗಳ ಒಳಗೆ ಮೆಷಿನ್ ನಡೆಸುವವರಲ್ಲೂ ನಮ್ಮ ಊರಿನವರಿದ್ದಾರೆ. ಅಂಥವರಲ್ಲೊಬ್ಬರು, ಕುಂದಾಪುರ ಕಡೆಯ ನನ್ನ ಸ್ನೇಹಿತರು, ಒಂದು ಶುಕ್ರವಾರ ಬೆಳಿಗ್ಗೆ ಮನೆಗೆ ಬಂದು ಎಕ್ಸೆಲ್ ಶೀಟಿನ ಒಂದು ಪ್ರಿಂಟನ್ನು ಮುಂದಿಟ್ಟರು. ಹಗಲು ಪಾಳಿಯ ಆಪರೇಟರ್ ಒಂದು ತಿಂಗಳಲ್ಲಿ ತೆಗೆದ ಪ್ರಿಂಟು ಎಷ್ಟು, ರಾತ್ರಿ ಪಾಳಿಯ ಇವರು ತೆಗೆದದ್ದು ಎಷ್ಟು ಎಂಬ ಲೆಕ್ಕ ಅದು. ಇವರ ಅಂಕಿ ಹೆಚ್ಚುಕಡಿಮೆ ಅರ್ಧ. ಲೆಕ್ಕ ಮೆಷಿನ್ನಿನದ್ದೇ ಆದ್ದರಿಂದ ಮಾಲೀಕರಿಗೆ ಅದರಲ್ಲಿ ಸಂಶಯವಿರಲಿಲ್ಲ. ವೀಸಾ ನವೀಕರಣಕ್ಕೆ ಮೊದಲು ಯೋಚಿಸಬೇಕಾಗುತ್ತದೆ ಎಂದಿದ್ದರಂತೆ.

"ಮಾರಾಯ್ರೆ, ನಾನು ರಾತ್ರಿಯಿಡೀ ನಿಂತೇ ಇರ್ತೇನೆ. ಈ ಕಾಗದದಲ್ಲಿ ಮಾತ್ರ ನಾನು ಮಲಗಿದ ಹಾಗೆ ಕಾಣ್ತದೆ" ಎಂದರು.

ನಾನು ಸಾಫ್ಟ್‌ವೇರ್‌ನವನು. ಎಂಸಿಎ ಓದುವಾಗ ಮುದ್ರಣದ ಬಗ್ಗೆ ಯಾರೂ ಕಲಿಸಿರಲಿಲ್ಲ. ಆದರೆ ಲಾಗ್ ಫೈಲ್ ಓದುವುದು ನನ್ನ ದಿನನಿತ್ಯದ ಹೊಟ್ಟೆಪಾಡು. ಮಾಲೀಕರ ಒಪ್ಪಿಗೆ ಕೇಳಿಕೊಂಡು ಬನ್ನಿ, ನೋಡೋಣ ಎಂದೆ. ಅವರು ಒಪ್ಪಿದ್ದು ಮಾತ್ರವಲ್ಲ, ತಾವೇ ಪೆನ್ ಡ್ರೈವ್ ಕೊಟ್ಟು ಕಳಿಸಿದರು.

ಈ ಲಾಗ್ ಎಂಬುದು ಎಲ್ಲಿಂದ ಬಂತು? ಇಲ್ಲೇ ಮುಹರ್ರಕ್‌ನ ಅಬ್ದುಲ್ಲಾ ಅಲ್ ಝಾಯದ್ ಅವರು 1939ರಲ್ಲಿ 'ಅಲ್ ಬಹ್ರೈನ್' ವಾರಪತ್ರಿಕೆ ಆರಂಭಿಸಿದಾಗಲಾಗಲಿ, ಅದಕ್ಕೂ ಸುಮಾರು ನೂರು ವರ್ಷ ಮೊದಲು, 1843ರಲ್ಲಿ, ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ 'ಮಂಗಳೂರು ಸಮಾಚಾರ' ಕಲ್ಲಚ್ಚಿನಲ್ಲಿ ಮೂಡಿದಾಗಲಾಗಲಿ, ಯಂತ್ರಕ್ಕೆ ತನ್ನ ನೆನಪು ಎಂಬುದಿರಲಿಲ್ಲ. ಎಷ್ಟು ಹಾಳೆ ಹೋಯಿತು, ಯಾಕೆ ನಿಂತಿತು ಎಂಬುದನ್ನು ಮನುಷ್ಯರೇ ನೆನಪಿಡಬೇಕು, ಇಲ್ಲವೇ ಬರೆದಿಡಬೇಕು. 1993ರಲ್ಲಿ ಇಂಡಿಗೋ ಮತ್ತು ಝೈಕಾನ್ ಕಂಪೆನಿಗಳ ಬಣ್ಣದ ಡಿಜಿಟಲ್ ಪ್ರೆಸ್ಸುಗಳು ಬಂದ ಮೇಲೆ ಚಿತ್ರ ಬದಲಾಯಿತು. ಇಲ್ಲಿ ಪ್ಲೇಟ್ ಇಲ್ಲ. ಪ್ರತಿ ಪುಟದ ಬಿಂಬವನ್ನೂ ಹೊಸದಾಗಿ ಕಟ್ಟಬೇಕು. ಅದಕ್ಕಾಗಿ ಮೆಷಿನ್ ಪಕ್ಕದಲ್ಲೊಂದು ಕಂಪ್ಯೂಟರ್ ಬೇಕೇ ಬೇಕು. ಕಂಪ್ಯೂಟರ್ ಇದ್ದ ಮೇಲೆ ಅದು ಸುಮ್ಮನೆ ಇರುತ್ತದೆಯೇ? ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ.

ಬರೆಯುವುದು ಎರಡು ಬಗೆ. ಒಂದು ಜಾಬ್ ಲಾಗ್: ಫೈಲಿನ ಹೆಸರು, ಬಂದ ಹೊತ್ತು, ಪ್ರಿಂಟ್ ಶುರುವಾದ ಮತ್ತು ಮುಗಿದ ಹೊತ್ತು, ಪ್ರತಿಗಳು, ಪುಟಗಳು, ಬಣ್ಣವೋ ಕಪ್ಪುಬಿಳುಪೋ, ಕಾಗದದ ಅಳತೆ ಮತ್ತು ಬಗೆ, ಪೂರ್ತಿಯಾಯಿತೋ ರದ್ದಾಯಿತೋ. ಇನ್ನೊಂದು ಮೆಷಿನ್ನಿನದ್ದೇ ಘಟನೆಗಳ ಲಾಗ್: ಕಾಗದ ಸಿಕ್ಕಿಕೊಂಡಿತು, ಬಾಗಿಲು ತೆರೆಯಿತು, ಟೋನರ್ ಬದಲಾಯಿತು, ಬಣ್ಣದ ಕ್ಯಾಲಿಬ್ರೇಶನ್ ನಡೆಯಿತು, ಹೀಗೆ. ಫೈರಿ ಸರ್ವರ್ ಇರುವ ಮೆಷಿನ್‌ಗಳಲ್ಲಿ ಜಾಬ್ ಲಾಗನ್ನು ಎಕ್ಸೆಲ್‌ನಲ್ಲಿ ತೆರೆಯುವಂತೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಬಹುದು. ದೊಡ್ಡ ಪ್ರೆಸ್ಸುಗಳಿಗೆ 2001ರಿಂದಲೇ ಜೆಡಿಎಫ್ ಎಂಬ ಸಾಮಾನ್ಯ ಭಾಷೆ ಇದೆ. ಎಚ್‌ಪಿಯವರು 2016ರಲ್ಲಿ ಪ್ರಿಂಟ್‌ಓಎಸ್ ತಂದರು. ಎರಡು ಮೆಷಿನ್ನಿನ ಅಂಗಡಿಗೆ ಅಷ್ಟೆಲ್ಲ ಬೇಕಿಲ್ಲ, ಎಕ್ಸೆಲ್ ಧಾರಾಳ ಸಾಕು.

ಸರಿ, ಫೈಲ್ ತೆರೆದೆ. ಮೊದಲ ಎಡವಟ್ಟು ತಾರೀಕಿನದ್ದು. ಸರ್ವರ್ ಅಮೆರಿಕದ ಪದ್ಧತಿಯಲ್ಲಿ ತಿಂಗಳನ್ನು ಮೊದಲು ಬರೆದಿತ್ತು, ಮಾಲೀಕರ ಎಕ್ಸೆಲ್ ದಿನವನ್ನು ಮೊದಲು ಓದಿತ್ತು. ಏಪ್ರಿಲ್ 3ರ ಕೆಲಸ ಮಾರ್ಚ್ 4ಕ್ಕೆ ಹೋಗಿ ಕೂತಿತ್ತು! ಎರಡನೆಯದು, ಸರ್ವರಿನ ಗಡಿಯಾರವೂ ಗೋಡೆಯ ಗಡಿಯಾರವೂ ಒಂದೇ ಹೊತ್ತು ತೋರಿಸುತ್ತಿರಲಿಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಇಬ್ಬರೂ ಒಂದೇ ಲಾಗಿನ್‌ನಲ್ಲಿ ಕೆಲಸ ಮಾಡುತ್ತಿದ್ದರು. ಅಂದರೆ ಈ ಕೆಲಸ ಯಾರದ್ದು ಎಂದು ಲಾಗ್ ಎಲ್ಲಿಯೂ ಹೇಳಿರಲಿಲ್ಲ. ಹೊತ್ತು ನೋಡಿ ಮಾಲೀಕರೇ ಹಂಚಿದ್ದರು. ಸಂಜೆ ಶುರುವಾಗಿ ನಡುರಾತ್ರಿಗೆ ಮುಗಿದ ಉದ್ದದ ಕೆಲಸಗಳೆಲ್ಲ ಶುರುವಾದ ಹೊತ್ತಿನ ಲೆಕ್ಕದಲ್ಲಿ ಹಗಲಿನವರ ಖಾತೆಗೆ ಜಮಾ!

ಕೊಲ್ಲಿಯ ಕ್ಯಾಲೆಂಡರನ್ನೂ ಮರೆಯುವ ಹಾಗಿಲ್ಲ. ಶುಕ್ರವಾರ ರಜೆ. ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ಮತ್ತೆ ತೆರೆಯುವ ಅಂಗಡಿಗಳುಂಟು. ರಂಜಾನ್ ತಿಂಗಳಲ್ಲಿ ಮುಸ್ಲಿಂ ನೌಕರರಿಗೆ ದಿನಕ್ಕೆ 6 ಗಂಟೆ ಮಾತ್ರ ಕೆಲಸ ಎಂದು 2012ರ ಕಾರ್ಮಿಕ ಕಾನೂನೇ ಹೇಳುತ್ತದೆ. ಡಿಸೆಂಬರ್ 16ರ ರಾಷ್ಟ್ರೀಯ ದಿನದ ಮುಂಚಿನ ವಾರಗಳಲ್ಲಿ ಬ್ಯಾನರು ಪೋಸ್ಟರುಗಳ ಕೆಲಸ ಉಕ್ಕುತ್ತದೆ. ಇದನ್ನೆಲ್ಲ ಗಮನಿಸದೆ ತಿಂಗಳಿಗೂ ತಿಂಗಳಿಗೂ ಹೋಲಿಸಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ.

ಇನ್ನು ಮುಖ್ಯ ವಿಷಯ. ಉತ್ಪಾದಕತೆ ಅಳೆಯಲು ಕಾರ್ಖಾನೆಗಳಲ್ಲಿ ಓಇಇ ಎಂಬ ಅಳತೆ ಇದೆ. ಜಪಾನಿನ ಸೆಯಿಚಿ ನಕಾಜಿಮಾ ಅವರು ಪ್ರಚಾರಕ್ಕೆ ತಂದದ್ದು. ಮೂರು ಪ್ರಶ್ನೆ ಕೇಳಿ ಮೂರು ಉತ್ತರಗಳನ್ನು ಗುಣಿಸುವುದು, ಅಷ್ಟೇ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ: ಪಾಳಿ 480 ನಿಮಿಷದ್ದು, ಮೆಷಿನ್ ಓಡಿದ್ದು 300 ನಿಮಿಷ. ಇದು ಶೇ. 62.5. ನಿಮಿಷಕ್ಕೆ 80 ಪುಟದ ಮೆಷಿನ್ 300 ನಿಮಿಷಕ್ಕೆ 24,000 ಪುಟ ಕೊಡಬೇಕು, ಕೊಟ್ಟದ್ದು 18,000. ಇದು ಶೇ. 75. ಅದರಲ್ಲಿ ಗ್ರಾಹಕರಿಗೆ ಕೊಡುವಂತಿದ್ದದ್ದು 17,100. ಇದು ಶೇ. 95. ಮೂರನ್ನೂ ಗುಣಿಸಿದರೆ ಸುಮಾರು ಶೇ. 44.5. ಉತ್ತಮ ಕಾರ್ಖಾನೆಗೆ ಶೇ. 85 ಇರಬೇಕು ಎಂದು ಪುಸ್ತಕಗಳು ಹೇಳುತ್ತವೆ. ಅದನ್ನು ಓದಿ ಗಾಬರಿಯಾಗಬೇಡಿ. ಒಂದೇ ಬಿಡಿಭಾಗವನ್ನು ದಿನವಿಡೀ ತಯಾರಿಸುವ ಕಾರು ಉದ್ಯಮದಲ್ಲಿ ಬೆಳೆದ ಅಳತೆ ಅದು. ಐವತ್ತು ವಿಸಿಟಿಂಗ್ ಕಾರ್ಡ್, ಆಮೇಲೆ ಇಪ್ಪತ್ತು ಮೆನು, ಆಮೇಲೆ ಒಂದು ಪ್ರಾಜೆಕ್ಟ್ ರಿಪೋರ್ಟ್ ಎಂದು ಜಿಗಿಯುವ ಅಂಗಡಿಗೆ ಅದು ಹೊಂದುವುದಿಲ್ಲ.

ಎರಡನೇ ಪ್ರಶ್ನೆಯಲ್ಲೇ ನನ್ನ ಸ್ನೇಹಿತರ ಕಥೆ ಅಡಗಿತ್ತು. ಟೋನರ್ ಮೆಷಿನ್ನಿನಲ್ಲಿ ಬಣ್ಣದ ಪುಡಿ ಶಾಖದಿಂದ ಕರಗಿ ಕಾಗದಕ್ಕೆ ಹಿಡಿಯಬೇಕು. 300 ಜಿಎಸ್‌ಎಂನ ದಪ್ಪ ಕಾರ್ಡ್ 80 ಜಿಎಸ್‌ಎಂನ ತೆಳು ಹಾಳೆಗಿಂತ ಹೆಚ್ಚು ಶಾಖ ಎಳೆದುಕೊಳ್ಳುತ್ತದೆ. ಆದ್ದರಿಂದ ದಪ್ಪ ಕಾಗದ ಹಾಕಿದಾಗ ಬಹಳಷ್ಟು ಮೆಷಿನ್ನುಗಳು ತಾವಾಗಿಯೇ ವೇಗ ಇಳಿಸುತ್ತವೆ. ಆಪರೇಟರ್ ಏನೂ ಮಾಡುವಂತಿಲ್ಲ. ಲಾಗನ್ನು ಕಾಗದದ ಬಗೆಗೆ ತಕ್ಕಂತೆ ವಿಂಗಡಿಸಿದೆ. ಹಗಲಿನಲ್ಲಿ ಮ್ಯಾನುಯಲ್ಲು, ರಿಪೋರ್ಟು, ಬಿಲ್ ಪುಸ್ತಕ, ಎಲ್ಲ ತೆಳು ಹಾಳೆ, ಉದ್ದದ ಓಟ. ರಾತ್ರಿಯಲ್ಲಿ ಕಾರ್ಡು, ಕವರು, ಆಮಂತ್ರಣ. ಎಲ್ಲ ದಪ್ಪ, ಎಲ್ಲ ಚಿಕ್ಕದು. ಆಯಾ ಕಾಗದಕ್ಕೆ ಮೆಷಿನ್ನಿನ ನಿಜವಾದ ವೇಗ ಎಷ್ಟೋ ಅದಕ್ಕೆ ಹೋಲಿಸಿದಾಗ ಇಬ್ಬರ ಅಂಕಿಗಳೂ ಅಕ್ಕಪಕ್ಕದಲ್ಲೇ ಬಂದು ನಿಂತವು.

ಮೊದಲನೇ ಪ್ರಶ್ನೆ, ಅಂದರೆ ಮೆಷಿನ್ ಸುಮ್ಮನಿದ್ದ ಹೊತ್ತು, ಇನ್ನೂ ಸೂಕ್ಷ್ಮ. ಎರಡು ಜಾಬ್‌ಗಳ ನಡುವೆ 40 ನಿಮಿಷ ಖಾಲಿ. ಆಪರೇಟರ್ ಮಲಗಿದ್ದರೇ? ಅಥವಾ ಗ್ರಾಹಕರು ಪ್ರೂಫ್ ಒಪ್ಪಲೆಂದು ಕಾಯುತ್ತಿದ್ದರೇ? ಅಥವಾ ಕಟಿಂಗ್ ಮೆಷಿನ್ ಮುಂದೆ ರಾಶಿ ಬಿದ್ದದ್ದನ್ನು ತಾವೇ ಕತ್ತರಿಸುತ್ತಿದ್ದರೇ? ಲಾಗ್ ಹೇಳುವುದಿಲ್ಲ. ಅದಕ್ಕೆ ಗೊತ್ತಿರುವುದು ಮೆಷಿನ್ ಒಂದೇ. ಬೇಸಿಗೆಯಲ್ಲಿ ಕಾಗದ ಹೆಚ್ಚಾಗಿ ಸಿಕ್ಕಿಕೊಂಡದ್ದು ಘಟನೆಗಳ ಲಾಗ್‌ನಲ್ಲಿ ಸ್ಪಷ್ಟವಾಗಿತ್ತು, ಕಾರಣ ಮಾತ್ರ ಸ್ನೇಹಿತರ ಬಾಯಲ್ಲಿ ಬಂತು: ಗೋದಾಮಿನ ಸೆಕೆಯಲ್ಲಿ ತೇವ ಹೀರಿಕೊಂಡ ಕಾಗದವನ್ನು ತಂದ ಕೂಡಲೇ ಎ.ಸಿ. ಕೋಣೆಯಲ್ಲಿ ಬಂಡಲ್ ಒಡೆದು ಟ್ರೇಗೆ ತುಂಬುತ್ತಿದ್ದರು. ಕಾಗದ ಮುರುಟದೆ ಇರುತ್ತದೆಯೇ? ಒಂದು ದಿನ ಮೊದಲೇ ಒಳಗೆ ತಂದು, ಬಂಡಲ್ ಬಿಚ್ಚದೆ ಇಟ್ಟರೆ ಕಾಗದ ಕೋಣೆಯ ತಾಪಮಾನಕ್ಕೆ ಹೊಂದಿಕೊಳ್ಳುತ್ತದೆ.

ಎಲ್ಲವೂ ಇವರ ಪರವಾಗಿಯೇ ಇತ್ತೆಂದಲ್ಲ. ಊಟದ ಬಿಡುವಿನಲ್ಲಿ ಮೆಷಿನ್ ಸ್ಲೀಪ್‌ಗೆ ಹೋಗಿ, ಮತ್ತೆ ಬಿಸಿಯಾಗಲು ದಿನವೂ ಹೊತ್ತು ಹೋಗುತ್ತಿತ್ತು. ಹಗಲಿನವರು ಸಂಜೆಯಷ್ಟೇ ಮಾಡಿದ ಕ್ಯಾಲಿಬ್ರೇಶನ್ನನ್ನು ಇವರು ಬಂದೊಡನೆ ಮತ್ತೆ ಮಾಡುತ್ತಿದ್ದರು. ಇದನ್ನೂ ಮಾಲೀಕರಿಗೆ ಕೊಟ್ಟ ಟಿಪ್ಪಣಿಯಲ್ಲಿ ಬರೆದೆ. ಸ್ನೇಹಿತರು ಸ್ವಲ್ಪ ಮುಖ ಸಣ್ಣ ಮಾಡಿಕೊಂಡರು. ಆದರೆ ಇದನ್ನು ಬಿಟ್ಟು ಬರೆದಿದ್ದರೆ ಮಿಕ್ಕಿದ್ದನ್ನು ಮಾಲೀಕರು ಏಕೆ ನಂಬಬೇಕು?

ಸ್ವಂತ ಅಂಗಡಿಯವರಿಗೆ ಎರಡು ಮಾತು. ಸರ್ವರ್ ಸಾಫ್ಟ್‌ವೇರ್ ಮರುಸ್ಥಾಪಿಸಿದರೆ ಲಾಗ್ ಅಳಿಸಿಹೋಗಬಹುದು, ವಾರಕ್ಕೊಮ್ಮೆ ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಡಿ. ಎರಡನೆಯದಾಗಿ, ಫೈಲಿನ ಹೆಸರುಗಳಲ್ಲಿ ಗ್ರಾಹಕರ ಹೆಸರಿರುತ್ತದೆ. ಮದುಮಕ್ಕಳ ಹೆಸರು, ಕಂಪೆನಿಯ ಗುಟ್ಟು, ಏನು ಬೇಕಾದರೂ ಇರಬಹುದು. ಬಹ್ರೈನ್‌ನ ವೈಯಕ್ತಿಕ ಮಾಹಿತಿ ರಕ್ಷಣೆಯ 2018ರ 30ನೇ ಕಾನೂನು 2019ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ನನ್ನಂಥ ಹೊರಗಿನವರ ಕೈಗೆ ಫೈಲ್ ಕೊಡುವ ಮೊದಲು ಆ ಕಾಲಮ್ಮನ್ನು ಅಳಿಸಿಬಿಡಿ. ಆಪರೇಟರ್‌ಗಳ ಹೆಸರಿನಲ್ಲಿ ಲೆಕ್ಕ ಇಡುವುದಾದರೆ ಅವರಿಗೆ ಮೊದಲೇ ತಿಳಿಸಿ, ಬಂದ ಲೆಕ್ಕವನ್ನು ಅವರಿಗೂ ತೋರಿಸಿ. ಬರೀ ಪುಟದ ಸಂಖ್ಯೆಗೆ ಬೆಲೆ ಕಟ್ಟಿದರೆ ಪುಟದ ಸಂಖ್ಯೆಯೇ ಏರುತ್ತದೆ, ರದ್ದಿಯೂ ಜೊತೆಗೆ ಏರುತ್ತದೆ.

ಆ ಪ್ರೆಸ್ಸಿನಲ್ಲಿ ಈಗ ಮೆಷಿನ್ ಪಕ್ಕ ಒಂದು ಹಾಳೆ ತೂಗುಹಾಕಿದ್ದಾರೆ. ಹತ್ತು ನಿಮಿಷಕ್ಕಿಂತ ಹೆಚ್ಚು ನಿಂತರೆ ಹೊತ್ತನ್ನೂ ಕಾರಣವನ್ನೂ ಒಂದು ಪದದಲ್ಲಿ ಬರೆಯಬೇಕು: ಫೈಲ್, ಕಾಗದ, ಕಟಿಂಗ್, ರಿಪೇರಿ, ಗ್ರಾಹಕ. ತಿಂಗಳ ಕೊನೆಗೆ ಅದನ್ನು ಲಾಗ್ ಜೊತೆ ಸೇರಿಸಿ ನೋಡುತ್ತಾರೆ. ಸ್ನೇಹಿತರ ವೀಸಾ ನವೀಕರಣವಾಯಿತು. ಮೊನ್ನೆ ಸಿಕ್ಕಾಗ ಆ ಹಾಳೆಯಲ್ಲಿ ಯಾವ ಪದ ಹೆಚ್ಚು ಎಂದು ಕೇಳಿದೆ.

"ಗ್ರಾಹಕ" ಎಂದರು ನಗುತ್ತಾ. "ಪ್ರೂಫ್ ಕಳಿಸಿದ ಮೇಲೆ ಫೋನ್ ಎತ್ತುವುದೇ ಇಲ್ಲ ಮಾರಾಯ್ರೆ. ಅದರಲ್ಲೂ ನಮ್ಮ ಸಂಘದವರು!"