ಡಿಗ್ರಿ ಮುಗಿಯಿತು, ಮಕ್ಕಳು ಎಲ್ಲಿ ಹೋದರು?

ಡಿಗ್ರಿ ಮುಗಿಸಿದ ಮಕ್ಕಳು ಮುಂದೆ ಏನಾದರು? ಸರಕಾರದ ಕಡತಗಳೇ ಅಷ್ಟಿಷ್ಟು ಹೇಳುತ್ತವೆ. ಯುವನಿಧಿಯನ್ನೇ ನೋಡಿ: ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಯಾದಗಿರಿಯ ಅಬ್ಬೆತುಮಕೂರಿನ ಹುಡುಗಿಗೂ ನಮ್ಮ ಉಳ್ಳಾಲದ ಹುಡುಗನಿಗೂ ಒಂದೇ ಅರ್ಜಿ. ಕಾಲೇಜಿನ ಪಟ್ಟಿ, ಈ ಅರ್ಜಿಗಳು, ಪಿಎಫ್ ದಾಖಲೆ ಮೂರನ್ನೂ ಜೋಡಿಸಿದರೆ ಯಾವ ಕೋರ್ಸಿನವರಿಗೆ ಬೇಗ ಕೆಲಸ ಸಿಕ್ಕಿತೆಂದು ತಿಳಿಯಬಹುದು.

ಆದರೆ ಪಿಎಫ್ ಸಾಮಾನ್ಯವಾಗಿ 20 ಅಥವಾ ಹೆಚ್ಚು ನೌಕರರಿರುವಲ್ಲಿ ಮಾತ್ರ ಕಡ್ಡಾಯ. ಮಾವನ ಅಂಗಡಿಯಲ್ಲಿ ಕೂತವ, ದುಬೈಗೆ ಹೋದವ, ಮನೆಯಲ್ಲೇ ಟ್ಯೂಷನ್ ಕೊಡುವವಳು ಅದರಲ್ಲಿ ಕಾಣುವುದಿಲ್ಲ. ಹೆಸರಿಲ್ಲದವರನ್ನೆಲ್ಲ ನಿರುದ್ಯೋಗಿಗಳೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಕಾಲೇಜಿನವರು ಫೋನ್ ಮಾಡಿ ವಿಚಾರಿಸಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಮ್ಮ ಮಕ್ಕಳ ದುಡಿಮೆಯೂ ಲೆಕ್ಕಕ್ಕೆ ಬರಲಿ.