ಬಣ್ಣದ ದೀಪಕ್ಕೆ ಮೊದಲು ಮೈನ್ ಸ್ವಿಚ್ಚು

ದೊಂದಿಯ ಬೆಳಕಿನಲ್ಲಿ ಕುಣಿಯುತ್ತಿದ್ದ ಬಯಲಾಟ ಗ್ಯಾಸ್‌ಲೈಟಿಗೆ ಬಂದು, ಅಲ್ಲಿಂದ ವಿದ್ಯುದ್ದೀಪಕ್ಕೆ ಏರಿದುದು ಕಾಸರಗೋಡಿನ ಹಿರಿಯ ಪ್ರೇಕ್ಷಕರಿಗೆ ತಿಳಿದ ಸಂಗತಿಯೇ. ದೊಂದಿಗೆ ಎಣ್ಣೆ ಹೊಯ್ಯುವವನಿಗೂ ಗ್ಯಾಸ್‌ಲೈಟಿಗೆ ಗಾಳಿ ಹಾಕುವವನಿಗೂ ತನ್ನ ಬೆಂಕಿ ಕಣ್ಣೆದುರೇ ಇರುತ್ತಿತ್ತು. ವಿದ್ಯುತ್ತು ಹಾಗೆ ಕಾಣಿಸಿಕೊಳ್ಳುವುದಿಲ್ಲ. ಆದುದರಿಂದ ರಂಗದ ಬೆಳಕಿನ ಕೆಲಸಕ್ಕೆ ಹೇಳಿಕೊಡುವ ಹಿರಿಯರೊಬ್ಬರು ಬೇಕೇ ಬೇಕೆಂದು ನಾವು ತಿಳಿಯುತ್ತೇವೆ.

ಅಂಥವರು ನಮ್ಮ ನಡುವೆ ಇದ್ದಾರೆ. ಮಲಯಾಳ ನಾಟಕಕ್ಕೂ ಕನ್ನಡ ಆಟಕ್ಕೂ ಶಾಲೆಯ ವಾರ್ಷಿಕೋತ್ಸವಕ್ಕೂ ಒಂದೇ ಶ್ರದ್ಧೆಯಿಂದ ತಂತಿ ಎಳೆಯುವ ಈ ಮಂದಿಯ ಹೆಸರು ಕರಪತ್ರದಲ್ಲಿ ಬರುವುದು ಅಪರೂಪ. ಇವರ ಬಳಿ ಸೇರಿದ ಹುಡುಗನಿಗೆ ಮೊದಲು ಸಿಗುವುದು ಕೇಬಲ್ ಸುತ್ತುವ ಕೆಲಸ. ಪ್ಲಗ್ಗು ಕಳಚಿದ ಮೇಲೆ ಸುತ್ತುತ್ತ ಹೋದಂತೆ ಹರಿದ ಸಿಪ್ಪೆ, ಸಡಿಲಾದ ಜೋಡಣೆ ಬೆರಳಿಗೆ ತಾನಾಗಿ ಸಿಗುತ್ತವೆ. ಬಳಸುವಾಗ ಸುರುಳಿಯನ್ನು ಪೂರ್ತಿ ಬಿಚ್ಚಬೇಕೆಂಬುದೂ ಆಗಲೇ ತಿಳಿಯುತ್ತದೆ. ಸುತ್ತಿದ ಕೇಬಲಿನ ಮೇಲೆ ಭಾರ ಬಿದ್ದರೆ ಬಿಸಿ ಹೊರಹೋಗಲು ದಾರಿಯಿಲ್ಲದೆ ಒಳಗೇ ಕರಗತೊಡಗುತ್ತದೆ.

ಅನಂತರದ ಪಾಠ ಲೆಕ್ಕದ್ದು. 230 ವೋಲ್ಟಿನಲ್ಲಿ 1000 ವಾಟಿನ ಒಂದು ದೀಪ ಸುಮಾರು 4.35 ಆಂಪಿಯರ್ ಎಳೆಯುತ್ತದೆ. ಅಂಥ ನಾಲ್ಕು ಸೇರಿದರೆ 17 ದಾಟಿತು. 15 ಆಂಪಿಯರಿನ ಪ್ಲಗ್ಗು ಅದನ್ನು ಹೊರಲಾರದು. ಫ್ಯೂಸು ಮತ್ತೆ ಮತ್ತೆ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತುವ ಜಾಣರನ್ನು ಹಿರಿಯರು ಹತ್ತಿರ ಸೇರಿಸುವುದಿಲ್ಲ. ಫ್ಯೂಸು ಉರಿಯದಿದ್ದರೆ ಚಪ್ಪರ ಉರಿದೀತು.

ನಮ್ಮ ಊರಿನ ಆಟಕ್ಕೆ ಇನ್ನೊಂದು ತೊಡಕಿದೆ. ತಿರುಗಾಟ ದೀಪಾವಳಿಯ ಅನಂತರ ಆರಂಭವಾಗಿ ಪತ್ತನಾಜೆಗೆ ಮುಗಿಯುವಂಥದು. ಮೊದಮೊದಲು ಕೊಯ್ಲಾದ ಗದ್ದೆಯ ಪಸೆ, ನಡುವೆ ಇಬ್ಬನಿ, ಕೊನೆಗೆ ಮೇ ತಿಂಗಳ ಗುಡುಗುಮಳೆ. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ದೀಪದ ಕಬ್ಬಿಣದ ಕಂಬ ಹಿಡಿಯುವವನಿಗೆ ಅರ್ತಿಂಗೇ ಆಪ್ತರಕ್ಷಕ. ಒಣಗಿದ ಮುರಕಲ್ಲಿಗೆ ಗೇಣುದ್ದದ ಕಂಬಿ ಚುಚ್ಚಿದರೆ ಅರ್ತ್ ಆಗುವುದಿಲ್ಲ. ತೇವವಿರುವ ಮಣ್ಣು ಹುಡುಕಿ ಆಳಕ್ಕೆ ಇಳಿಸಬೇಕು, ನೀರು ಹೊಯ್ಯಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ಕ್ಷಣಮಾತ್ರದಲ್ಲಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸಾಧನ ಈಗ ಸುಲಭವಾಗಿ ಸಿಗುತ್ತದೆ. ಆದರೆ ಜನರೇಟರಿನ ನ್ಯೂಟ್ರಲನ್ನು ಅರ್ತಿಗೆ ಜೋಡಿಸದೆ ಇದ್ದಲ್ಲಿ ಅದನ್ನೂ ನಂಬುವಂತಿಲ್ಲ. ಇದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ, ಬಲ್ಲವರು ಹೇಳಬೇಕು.

ಹಿಂದೆ ಉಪ್ಪುನೀರಿನ ಜಾಡಿಯಲ್ಲಿ ಲೋಹದ ತಗಡು ಇಳಿಸಿ ದೀಪವನ್ನು ಏರಿಳಿಸುವ ಡಿಮ್ಮರ್ ಇತ್ತು. ತೆರೆದ ನೀರಿನಲ್ಲೇ ಕರೆಂಟು! ಅದು ಹೋದದ್ದೇ ಒಳ್ಳೆಯದಾಯಿತು. ಈಗ ಎಲ್‌ಇಡಿ ದೀಪಗಳು 1000 ವಾಟಿನ ಕೆಲಸವನ್ನು ಇನ್ನೂರರೊಳಗೆ ಮಾಡುತ್ತವೆಂದು ಹುಡುಗರು ನಿಶ್ಚಿಂತರಾಗಿದ್ದಾರೆ. ಭಾರ ಇಳಿದುದು ನಿಜ, ವೋಲ್ಟು ಇಳಿದಿಲ್ಲ. ಆಂಪಿಯರಿನ ಹತ್ತನೆಯ ಒಂದಂಶ ಎದೆಯ ಮೂಲಕ ಹರಿದರೂ ಹೃದಯ ನಿಂತೀತು. 

ಇಷ್ಟು ಕಲಿತ ಮೇಲೆ ಬಣ್ಣ. ಕೆಂಪು ಬೆಳಕಿನಲ್ಲಿ ಹಸಿರು ಕಪ್ಪಾಗುತ್ತದೆ, ನೀಲಿಯಲ್ಲಿ ಕೆಂಪು ಕಪ್ಪಾಗುತ್ತದೆ. ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಬರೆದ ಬಣ್ಣದ ವೇಷದ ಮುಖ, ಗುಂಡಿಯೊಂದನ್ನು ಒತ್ತಿದ ಮಾತ್ರಕ್ಕೆ ಮಸಿಯಾಗಿಬಿಡುವುದನ್ನು ನಾವು ನೋಡಿದ್ದೇವೆ. ಆಟಕ್ಕೆ ಮಿನುಗುವ ದೀಪ ಬೇಕೆನ್ನುವವರು ಕಲಾವಿದರನ್ನೊಮ್ಮೆ ಕೇಳಿದರೆ ಚೆನ್ನು.

ಬಲ್ಲ ಹಿರಿಯರು ಇರುವಲ್ಲಿ ಒಬ್ಬ ಹುಡುಗ ರಾತ್ರಿಯಿಡೀ ಮೈನ್ ಸ್ವಿಚ್ಚಿನ ಬಳಿಯೇ ಕುಳಿತಿರುತ್ತಾನೆ. ಶಾಕ್ ತಗಲಿದವನನ್ನು ಕೈಯಿಂದ ಎಳೆಯಹೋದರೆ ಇಬ್ಬರೂ ಬೀಳುತ್ತಾರೆ. ಮೊದಲು ಮೈನ್ ಆರಿಸಬೇಕು, ಅದಕ್ಕೆ ಅಲ್ಲಿ ಆಳಿರಬೇಕು. ಅವನಿಗೆ ಆಟ ಕಾಣುವುದಿಲ್ಲ, ಚೆಂಡೆ ಕೇಳಿಸುತ್ತದೆ ಅಷ್ಟೆ. ಮುಂದಿನ ತಿರುಗಾಟಕ್ಕೆ ದೀಪ ಗೊತ್ತುಮಾಡುವ ಸಮಿತಿಯವರು, ಎಷ್ಟು ದೀಪವೆಂದು ಕೇಳುವ ಮೊದಲು, ಮೈನ್ ಬಳಿ ಯಾರು ಕೂರುತ್ತಾರೆಂದು ವಿಚಾರಿಸಿಕೊಳ್ಳಲಿ.