ದೋಣಿಯ ಯಂತ್ರವು ಏಕೆ ಮೇಲೇಳದು?

ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಓಲ್ ಎವಿನ್‌ರೂಡ್ ಎಂಬಾತನು ೧೯೦೯ರಲ್ಲಿ, ವಿಸ್ಕಾನ್ಸಿನ್ ಸಂಸ್ಥಾನದ ಮಿಲ್ವಾಕಿ ನಗರದಿಂದ, ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ತಗುಲಿಸಬಹುದಾದ ಒಂದು ಪೆಟ್ರೋಲ್ ಯಂತ್ರವನ್ನು ಮಾರಾಟಕ್ಕೆ ತಂದನು. ಹೊರಬದಿಗೆ ತೂಗುವ ಈ ಬಗೆಯ ಯಂತ್ರಕ್ಕೆ ‘ಔಟ್‌ಬೋರ್ಡ್ ಮೋಟಾರು’ ಎಂಬ ಹೆಸರು ರೂಢಿಯಾಯಿತು. ಮೊದಲಿನ ಯಂತ್ರಗಳು ಹಗುರವಾಗಿದ್ದುವು. ದಡ ಸಮೀಪಿಸಿದೊಡನೆ ದೋಣಿಯವನು ಅವನ್ನು ಕೈಯಿಂದಲೇ ಎತ್ತಿಬಿಡುತ್ತಿದ್ದನು. ಮುಂದೆ ಯಂತ್ರಗಳ ಶಕ್ತಿಯೂ ತೂಕವೂ ಬೆಳೆದು, ನೂರಾರು ಪೌಂಡು ಭಾರವನ್ನು ಎತ್ತುವುದು ಕೈಗೆ ಮೀರಿದ ಕೆಲಸವಾಯಿತು. ೧೯೭೦ ಮತ್ತು ೧೯೮೦ರ ದಶಕಗಳ ದೊಡ್ಡ ಯಂತ್ರಗಳಲ್ಲಿ ಈ ಕೆಲಸವನ್ನು ವಿದ್ಯುತ್ತಿಗೆ ಒಪ್ಪಿಸಲಾಯಿತು. ಗುಂಡಿಯನ್ನೊತ್ತಿದರೆ ಯಂತ್ರವು ಮೇಲೇಳುವುದು ಅಥವಾ ಕೆಳಗಿಳಿಯುವುದು. ಆದರೆ ಹಳೆಯ ಯಂತ್ರಗಳಲ್ಲಿ ಎಷ್ಟೋ ವೇಳೆ ಗುಂಡಿಯನ್ನೊತ್ತಿದರೂ ಏನೂ ಆಗದು. ಆಗ ದೋಷವೆಲ್ಲಿದೆಯೆಂದು ಕಂಡುಕೊಳ್ಳುವ ಬಗೆ ಹೇಗೆ? ಪ್ರೌಢಶಾಲೆಯಲ್ಲಿ ಓದಿದ ಓಮನ ನಿಯಮವೇ ಇದಕ್ಕೆ ಸಾಕೆಂಬುದನ್ನು ಈಗ ನೋಡೋಣ.

ಓರೆಯ ಪ್ರಯೋಜನ

ಯಂತ್ರದ ಕೆಳತುದಿಯಲ್ಲಿರುವ ಪ್ರೊಪೆಲರು ನೀರನ್ನು ಹಿಂದಕ್ಕೆ ನೂಕುವುದರಿಂದ ದೋಣಿಯು ಮುಂದಕ್ಕೆ ಸಾಗುತ್ತದೆ. ಈ ನೂಕುಬಲದ ದಿಕ್ಕು ಯಂತ್ರದ ಓರೆಯನ್ನು ಅವಲಂಬಿಸಿದೆ. ಕೆಳತುದಿಯು ದೋಣಿಯ ಕಡೆಗೆ ಸರಿದಿದ್ದರೆ ದೋಣಿಯ ಮೂತಿ ತಗ್ಗುವುದು; ಹೊರಕ್ಕೆ ಚಾಚಿದ್ದರೆ ಮೂತಿ ಏಳುವುದು. ಹೊರಡುವಾಗ ಮೂತಿ ತಗ್ಗಿರುವುದು ಒಳ್ಳೆಯದು. ವೇಗ ಬಂದ ಮೇಲೆ ಅದನ್ನು ತುಸು ಎತ್ತಿದರೆ ನೀರನ್ನು ಸೋಕುವ ತಳಭಾಗ ಕಡಮೆಯಾಗಿ ಘರ್ಷಣೆಯೂ ಕಡಮೆಯಾಗುವುದು. ಅತಿಯಾಗಿ ಎತ್ತಿದರೆ ಮೂತಿ ಕುಪ್ಪಳಿಸತೊಡಗುವುದು. ಈ ಹೊಂದಾಣಿಕೆಗೆ ‘ಟ್ರಿಮ್’ ಎಂದು ಹೆಸರು. ನೀರು ತೆಳುವಾದೆಡೆಯಲ್ಲಿ ಯಂತ್ರವನ್ನು ಪೂರ್ತಿಯಾಗಿ ಮೇಲೆತ್ತದಿದ್ದರೆ ಪ್ರೊಪೆಲರು ಕಲ್ಲಿಗೆ ಬಡಿದು ಮುರಿಯಬಹುದು. ಆದ್ದರಿಂದ ಈ ಏರ್ಪಾಡು ಕೇವಲ ಅನುಕೂಲಕ್ಕಾಗಿ ಇರುವುದಲ್ಲ.

ವಿದ್ಯುತ್ತಿನ ದಾರಿ

ಏರ್ಪಾಡಿನಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಎಣ್ಣೆಯ ಭಾಗ: ಒಂದು ಸಣ್ಣ ಪಂಪು ಎಣ್ಣೆಯನ್ನು ಒತ್ತಡದಿಂದ ಉರುಳೆಯೊಳಕ್ಕೆ ನೂಕಿ, ಅದರ ದಂಡದ ಮೂಲಕ ಯಂತ್ರವನ್ನು ಎತ್ತುತ್ತದೆ. ಎರಡನೆಯದು ವಿದ್ಯುತ್ತಿನ ಭಾಗ: ೧೨ ವೋಲ್ಟಿನ ಬ್ಯಾಟರಿಯಿಂದ ನಡೆಯುವ ಒಂದು ಮೋಟಾರು ಆ ಪಂಪನ್ನು ತಿರುಗಿಸುತ್ತದೆ. ಮೋಟಾರು ತಿರುಗುವ ದಿಕ್ಕು ಬದಲಾದರೆ ಯಂತ್ರವು ಏಳುವ ಬದಲು ಇಳಿಯುತ್ತದೆ.

ಈ ಮೋಟಾರಿಗೆ ಬಲವಾದ ಪ್ರವಾಹ ಬೇಕು. ಅಷ್ಟನ್ನು ಬೆರಳಿನಿಂದ ಒತ್ತುವ ಗುಂಡಿಯ ಮೂಲಕ ಹರಿಸಿದರೆ ಗುಂಡಿಯೇ ಸುಟ್ಟುಹೋದೀತು. ಆದ್ದರಿಂದ ಗುಂಡಿಯು ಸಣ್ಣ ಪ್ರವಾಹವೊಂದನ್ನು ‘ರಿಲೇ’ ಎಂಬ ಉಪಕರಣದ ಸುರುಳಿಗೆ ಕಳುಹಿಸುತ್ತದೆ. ಸುರುಳಿಯು ಅಯಸ್ಕಾಂತವಾಗಿ ಲೋಹದ ನಾಲಗೆಯೊಂದನ್ನು ‘ಟಿಕ್’ ಎಂದು ಸೆಳೆದು ದೊಡ್ಡ ಪ್ರವಾಹಕ್ಕೆ ದಾರಿ ತೆರೆಯುತ್ತದೆ. ಏರಲು ಒಂದು, ಇಳಿಯಲು ಒಂದು, ಹೀಗೆ ಎರಡು ರಿಲೇಗಳಿರುತ್ತವೆ. ಅನೇಕ ಯಂತ್ರಗಳಲ್ಲಿ ಏರುವುದಕ್ಕೆ ನೀಲಿ ತಂತಿ, ಇಳಿಯುವುದಕ್ಕೆ ಹಸುರು ತಂತಿ.

ಇಲ್ಲಿ ಒಂದು ಸೂಕ್ಷ್ಮವುಂಟು. ಹಳೆಯ ಕೆಲವು ಮೋಟಾರುಗಳಿಗೆ ಮೂರು ತಂತಿಗಳಿದ್ದು, ಪ್ರವಾಹವು ಕಪ್ಪು ತಂತಿಯಿಂದ ನೇರವಾಗಿ ಬ್ಯಾಟರಿಗೆ ಹಿಂದಿರುಗುತ್ತದೆ. ಎರಡೇ ತಂತಿಗಳಿರುವ ಮೋಟಾರಿನಲ್ಲಾದರೋ ನೀಲಿಯಿಂದ ಒಳಹೊಕ್ಕ ಪ್ರವಾಹವು ಹಸುರಿನಿಂದ ಹೊರಬಂದು, ಸುಮ್ಮನಿರುವ ಇನ್ನೊಂದು ರಿಲೇಯ ಮೂಲಕವೇ ಹಿಂದಿರುಗಬೇಕು. ಆದ್ದರಿಂದ ಯಂತ್ರವು ಮೇಲೇಳದಿರುವುದಕ್ಕೆ ‘ಇಳಿಸುವ’ ರಿಲೇಯೇ ಕಾರಣವಾಗಿರಬಹುದು!

ಮೊದಲು ಕಿವಿಗೊಡಬೇಕು

ಗುಂಡಿಯನ್ನೊತ್ತಿದಾಗ ಕೇಳುವ ಶಬ್ದವೇ ಅರ್ಧ ಉತ್ತರವನ್ನು ಕೊಡುತ್ತದೆ. ಪಂಪಿನ ಮೋಟಾರು ಸರಾಗವಾಗಿ ಗುಯ್‌ಗುಟ್ಟಿದರೂ ಯಂತ್ರವು ಅಲುಗದಿದ್ದರೆ ವಿದ್ಯುತ್ತು ನಿರಪರಾಧಿ. ಎಣ್ಣೆ ಕಡಮೆಯಾಗಿರಬೇಕು, ಇಲ್ಲವೆ ಕೈಯಿಂದ ಇಳಿಸಲೆಂದು ಇಟ್ಟಿರುವ ತಿರುಪು ಸಡಿಲವಾಗಿರಬೇಕು. ಎತ್ತಿದ ಯಂತ್ರವು ತಾನಾಗಿ ಮೆಲ್ಲಮೆಲ್ಲನೆ ಇಳಿದರೂ ದೋಷವು ಎಣ್ಣೆಯ ಭಾಗದ್ದೇ.

ಸ್ವಲ್ಪವೂ ಸದ್ದಿಲ್ಲದಿದ್ದರೆ ರಿಲೇಯ ಸುರುಳಿಗೆ ಪ್ರವಾಹ ತಲಪಿಲ್ಲವೆಂದು ಶಂಕಿಸಬೇಕು. ಫ್ಯೂಸು, ಗುಂಡಿ, ಗುಂಡಿಯಿಂದ ಬರುವ ತಂತಿ, ಇವನ್ನು ಕ್ರಮವಾಗಿ ನೋಡಬೇಕು. ವೇಗದ ಹಿಡಿಯಲ್ಲಿರುವ ಗುಂಡಿಯ ತಂತಿಗಳು ಹಿಡಿಯೊಡನೆ ಸಾವಿರಾರು ಸಲ ಬಾಗಿ, ಹೊರಗಣ ಕವಚವು ಸರಿಯಾಗಿರುವಂತೆಯೇ ಒಳಗೆ ತುಂಡಾಗುವುದುಂಟು. ಕೆಲವು ಯಂತ್ರಗಳಿಗೆ ಅವುಗಳ ಮೈಯಲ್ಲೇ ಇನ್ನೊಂದು ಗುಂಡಿಯಿರುತ್ತದೆ. ಅದು ಕೆಲಸಮಾಡಿ ಹಿಡಿಯ ಗುಂಡಿ ಮಾಡದಿದ್ದರೆ ದೋಷದ ಜಾಗ ಗೊತ್ತಾದಂತೆಯೇ.

ಒಂದು ದಿಕ್ಕಿನಲ್ಲಿ ಮಾತ್ರ ಕೆಟ್ಟಿದ್ದು ಎರಡು ರಿಲೇಗಳೂ ಒಂದೇ ಬಗೆಯವಾಗಿದ್ದರೆ, ಅವನ್ನು ಅದಲುಬದಲು ಮಾಡಿ ನೋಡಬಹುದು. ರಿಲೇಯೊಡನೆ ದೋಷವೂ ಇನ್ನೊಂದು ದಿಕ್ಕಿಗೆ ಹೋದರೆ ತಪ್ಪು ರಿಲೇಯದು.

ವೋಲ್ಟ್‌ಮೀಟರು ಮೋಸಮಾಡುವ ಬಗೆ

‘ಟಿಕ್’ ಎಂಬ ಸದ್ದು ಕೇಳಿಸಿಯೂ ಮೋಟಾರು ತಿರುಗದಿದ್ದರೆ, ಅಥವಾ ನರಳುತ್ತ ತಿರುಗಿದರೆ, ಅನೇಕರು ತಂತಿಗಳನ್ನು ಮೋಟಾರಿನಿಂದ ಬಿಡಿಸಿ ವೋಲ್ಟ್‌ಮೀಟರಿಗೆ ಸೇರಿಸುತ್ತಾರೆ. ಅದು ೧೨ ವೋಲ್ಟನ್ನು ತೋರಿಸುತ್ತದೆ. ‘ವಿದ್ಯುತ್ತು ಸರಿಯಾಗಿ ಬರುತ್ತಿದೆ, ಮೋಟಾರೇ ಕೆಟ್ಟಿದೆ’ ಎಂದು ತೀರ್ಮಾನಿಸಿ ಹೊಸದನ್ನು ಕೊಳ್ಳುತ್ತಾರೆ. ಹೊಸ ಮೋಟಾರೂ ತಿರುಗದು!

ಕಾರಣವನ್ನು ಲೆಕ್ಕಹಾಕಿ ನೋಡೋಣ. ನೀರಿನ ಸಹವಾಸದಿಂದ ತಾಮ್ರದ ತುದಿಗೆ ಹಸುರು ಕಿಲುಬು ಹಿಡಿದು, ಕೂಡಿಕೆಯೊಂದರಲ್ಲಿ ೦.೧ ಓಮ್ ರೋಧ ಉಂಟಾಗಿದೆಯೆಂದು ಭಾವಿಸೋಣ. ಇಂದಿನ ಸಾಮಾನ್ಯ ಮೀಟರಿನ ರೋಧ ಸುಮಾರು ಒಂದು ಕೋಟಿ ಓಮ್. ಅದರಲ್ಲಿ ಹರಿಯುವ ಪ್ರವಾಹ ಆಂಪೇರಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಕಿಲುಬಿನಲ್ಲಿ ನಷ್ಟವಾಗುವ ವೋಲ್ಟೇಜು ಲೆಕ್ಕಕ್ಕೇ ಬಾರದು. ಮೀಟರು ಪೂರ್ತಿ ೧೨ನ್ನು ತೋರಿಸುತ್ತದೆ. ಆದರೆ ಮೋಟಾರು ೪೦ ಆಂಪೇರು ಬೇಡಿದಾಗ ಅದೇ ೦.೧ ಓಮಿನಲ್ಲಿ ೪೦ × ೦.೧ = ೪ ವೋಲ್ಟು ನಷ್ಟವಾಗುತ್ತದೆ! ಅಲ್ಲಿ ಹುಟ್ಟುವ ಉಷ್ಣ ೧೬೦ ವಾಟ್. ಬೆಸುಗೆಹಾಕುವ ಸಾಮಾನ್ಯ ಕಾವಿಗಿಂತ ಹಲವು ಮಡಿ ಹೆಚ್ಚು. ಕೂಡಿಕೆಯು ಬಿಸಿಯೇರುವುದೇ ದೋಷದ ಕುರುಹು.

ಆದ್ದರಿಂದ ತಂತಿಗಳನ್ನು ಬಿಡಿಸದೆ, ಗುಂಡಿಯನ್ನು ಒತ್ತಿಹಿಡಿದಿರುವಾಗಲೇ ಅಳೆಯಬೇಕು. ಬ್ಯಾಟರಿಯ ತುದಿಗಳಲ್ಲಿ ೧೧.೮ ವೋಲ್ಟು, ಮೋಟಾರಿನ ತುದಿಗಳಲ್ಲಿ ೭.೪ ವೋಲ್ಟು ಕಂಡುಬಂದಿತೆನ್ನೋಣ. ೪.೪ ವೋಲ್ಟು ದಾರಿಯಲ್ಲಿ ಕಳೆದುಹೋಗಿದೆ. ಈಗ ಮೀಟರಿನ ಎರಡು ಮುಳ್ಳುಗಳನ್ನು ದಾರಿಯ ಒಂದೊಂದು ತುಂಡಿನ ಇಕ್ಕೆಲಗಳಿಗೆ ಇಡುತ್ತ ಹೋಗಬೇಕು. ಮುಖ್ಯ ತಂತಿಯಲ್ಲಿ ೦.೨, ರಿಲೇಯಲ್ಲಿ ೦.೨, ಬ್ಯಾಟರಿಯ ಋಣಧ್ರುವಕ್ಕೆ ಹಿಂದಿರುಗುವ ಕಪ್ಪು ತಂತಿಯಲ್ಲಿ ೪.೦. ಕಳ್ಳನು ಸಿಕ್ಕಿಬಿದ್ದನು! ಹೊಸ ಮೋಟಾರು ಬೇಕಿಲ್ಲ. ಆ ತಂತಿಯ ತುದಿಗಳನ್ನು ಉಜ್ಜಿ ಹೊಳಪುಮಾಡಿ ಬಿಗಿಗೊಳಿಸಿ, ನೀರು ತಾಗದಂತೆ ಮುಚ್ಚಿದರೆ ಸಾಕು. ಮೋಟಾರಿನ ತುದಿಗಳಲ್ಲೇ ಪೂರ್ತಿ ವೋಲ್ಟೇಜಿದ್ದು ಅದು ತಿರುಗದಿದ್ದರೆ ಮಾತ್ರ ಮೋಟಾರಿನ ಮೇಲೆ ದೋಷ ಹೊರಿಸುವುದು ನ್ಯಾಯ. ಆಗಲೂ ಅದರೊಳಗಿನ ಇಂಗಾಲದ ಕುಂಚಗಳು ಸವೆದಿವೆಯೇ ಎಂದು ಮೊದಲು ನೋಡಬೇಕು.

ಎಚ್ಚರಿಕೆಯ ಮಾತು

ಎತ್ತಿದ ಯಂತ್ರದ ಅಡಿಯಲ್ಲಿ ಕೈಯಿಡುವ ಮುನ್ನ ಅದಕ್ಕೆ ಗಟ್ಟಿಯಾದ ಆಸರೆ ಕೊಡಬೇಕು. ಎಣ್ಣೆಯ ಒತ್ತಡವನ್ನು ನಂಬಬಾರದು. ದೋಣಿಯಲ್ಲಿ ಪೆಟ್ರೋಲಿನ ಆವಿ ಇರಬಹುದಾದ್ದರಿಂದ, ಗಾಳಿಯಾಡಲು ಬಿಟ್ಟು, ವಾಸನೆಯಿಲ್ಲವೆಂದು ಖಚಿತಮಾಡಿಕೊಂಡು ಪರೀಕ್ಷೆಗೆ ತೊಡಗಬೇಕು. ತಂತಿಗಳನ್ನು ಬಿಚ್ಚುವ ಮೊದಲು ಬ್ಯಾಟರಿಯ ಋಣಧ್ರುವವನ್ನು ಕಳಚಬೇಕು. ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ ದಪ್ಪ ತಂತಿಯನ್ನು ಅದರ ಜಾಗದಲ್ಲಿ ಸುತ್ತುವುದು ಬೆಂಕಿಯನ್ನು ಕರೆದಂತೆ. ಫ್ಯೂಸು ದೋಷವಲ್ಲ, ದೋಷದ ಸುದ್ದಿಯನ್ನು ತರುವ ದೂತ.

ಅಮೆರಿಕದ ಸರೋವರಗಳ ಈ ಯಂತ್ರವನ್ನು ನಮ್ಮ ವಾಚಕರಲ್ಲಿ ಹಲವರು ಕಾಣದೆ ಇರಬಹುದು. ಆದರೆ ಮನೆಯ ಸ್ಕೂಟರಿನ ಗುಂಡಿಯನ್ನೊತ್ತಿದಾಗ ‘ಟಿಕ್’ ಎಂದು ಸುಮ್ಮನಾಗುವುದನ್ನು ಅನೇಕರು ಕೇಳಿರುತ್ತಾರೆ. ಅಲ್ಲಿಯೂ ಇದೇ ಬ್ಯಾಟರಿ, ಇದೇ ರಿಲೇ, ಇದೇ ಕಿಲುಬು, ಇದೇ ನಿಯಮ. ಪ್ರವಾಹವು ಹರಿಯುತ್ತಿರುವಾಗಲೇ ಅಳೆಯಬೇಕೆಂಬ ಮಾತನ್ನು ನೆನಪಿನಲ್ಲಿಟ್ಟರೆ, ಕೆಡದ ಭಾಗಕ್ಕೆ ಹಣ ತೆರುವ ಪ್ರಮೇಯ ಎಷ್ಟೋ ಸಲ ತಪ್ಪುತ್ತದೆ.